ಕಣ ಭೌತಶಾಸ್ತ್ರದ ಲೆಕ್ಚರ್‌ಗೆ ಹೋಗುವ ಮೊದಲು ಬಸ್ ಟಿಕೆಟಿನ ಹಿಂದೆ ಇಷ್ಟು ಬರ್ಕೊಳ್ಳಿ

ಮಂಗ್ಳೂರಲ್ಲಿ ಎಲ್ಲಾದ್ರೂ ಕಣ ಭೌತಶಾಸ್ತ್ರದ ಪಬ್ಲಿಕ್ ಲೆಕ್ಚರ್ ಉಂಟು ಅಂತ ಗೊತ್ತಾದ್ರೆ ಸುಮ್ನೆ ಕೈ ಬೀಸ್ಕೊಂಡು ಹೋಗ್ಬೇಡಿ ಮಾರಾಯ್ರೆ. ನಾನು ಮೊದಲ್ನೇ ಸಲ ಹಾಗೇ ಹೋದದ್ದು, ಹತ್ತು ನಿಮಿಷಕ್ಕೆ ಸ್ಕ್ರೀನಲ್ಲಿ 17 ಮೂಲ ಕಣಗಳ ಟೇಬಲ್ ಬಂತು, ಮ್ಯುವಾನ್ ಗ್ಲುವಾನ್ ಅಂತ ಓದಿ ಮುಗಿಯುವ ಮೊದ್ಲೇ ಸ್ಲೈಡ್ ಹೋಯ್ತು, ಮತ್ತೆ ನನ್ನ ಗಮನ ಎಲ್ಲ ಹೊರಗಿನ ಗೋಳಿಬಜೆ ಪರಿಮಳದ ಮೇಲೆ.

ಆ 17ನ್ನು ಬಾಯಿಪಾಠ ಮಾಡ್ಲಿಕ್ಕೆ ಹೋಗ್ಬೇಡಿ. ನೀವು, ನಾನು, ಕೂತ ಕುರ್ಚಿ, ಆ ಗೋಳಿಬಜೆ, ಎಲ್ಲದಕ್ಕೂ ಸಾಮಾನು ಮೂರೇ: ಅಪ್ ಕ್ವಾರ್ಕ್, ಡೌನ್ ಕ್ವಾರ್ಕ್, ಎಲೆಕ್ಟ್ರಾನ್. ಟಿಕೆಟ್ ಹಿಂದೆ ಬರೀರಿ, ಅಪ್‌ನ ಚಾರ್ಜ್ +2/3, ಡೌನ್‌ದು -1/3. ಎರಡು ಅಪ್ ಒಂದು ಡೌನ್ ಕೂಡ್ಸಿ, 1 ಬಂತಲ್ಲ, ಅದು ಪ್ರೋಟಾನ್. ಒಂದು ಅಪ್ ಎರಡು ಡೌನ್ ಆದ್ರೆ ಸೊನ್ನೆ, ಅದು ನ್ಯೂಟ್ರಾನ್. 1964ರಲ್ಲಿ ಗೆಲ್‌ಮನ್, ಜ್ವೈಗ್ ಅಂತ ಇಬ್ರು ಭೌತವಿಜ್ಞಾನಿಗಳು ಬೇರೆ ಬೇರೆ ಕೂತು ಮಾಡಿದ ಲೆಕ್ಕ ಇದು.

ಅಳತೆಗೆ ಮಂಗ್ಳೂರಿನ ನೆಹರೂ ಮೈದಾನ ನೆನಪಿಟ್ಕೊಳ್ಳಿ. ಪ್ರೋಟಾನ್ 2 ಮಿಲಿಮೀಟರಿನ ಸಾಸಿವೆ ಅಂತಾದ್ರೆ ಹೈಡ್ರೋಜನ್ ಪರಮಾಣು ಸುಮಾರು 125 ಮೀಟರ್ ಅಗಲ, ನಡುವೆ ಸಾಸಿವೆ ಬಿಟ್ರೆ ಉಳಿದದ್ದರಲ್ಲಿ ಇರುವುದು ಒಂದು ಎಲೆಕ್ಟ್ರಾನ್ ಮಾತ್ರ.

ಇನ್ನು ನಿಜವಾದ ಮಜಾ ತೂಕದಲ್ಲಿ ಉಂಟು. ಕಣಗಳ ತೂಕ ಹೇಳುವ ಮೆಗಾ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಅಪ್ ಸುಮಾರು 2, ಡೌನ್ ಸುಮಾರು 5, ಪ್ರೋಟಾನಿನ ಮೂರೂ ಕ್ವಾರ್ಕ್ ಸೇರಿದ್ರೆ 9ರ ಹತ್ರ. ಪ್ರೋಟಾನ್ ತೂಗಿದ್ರೆ 938! ದಕ್ಕೆಯಲ್ಲಿ ಯಾರಾದ್ರೂ ಮೀನು ಹೀಗೆ ತೂಗಿ ಕೊಟ್ರೆ ಜಗಳವೇ ಆಗ್ತದೆ. ಬಾಕಿದ್ದು ಬರೋದು ಒಳಗೆ ಕ್ವಾರ್ಕ್‌ಗಳು ಓಡಾಡುವ ಶಕ್ತಿ, ಅವನ್ನು ಹಿಡಿದಿಟ್ಟ ಗ್ಲುವಾನ್‌ಗಳ ಶಕ್ತಿಯಿಂದ, ಆ ಶಕ್ತಿಯೇ ನಮ್ಗೆ ತೂಕವಾಗಿ ಕಾಣೋದು. 2012ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿದ ಹಿಗ್ಸ್ ಕಣ ಎಲ್ಲದಕ್ಕೂ ತೂಕ ಕೊಡ್ತದೆ ಅಂತ ಪೇಪರಲ್ಲಿ ಬರೀತಾರಲ್ಲ, ಪ್ರೋಟಾನ್ ಮಟ್ಟಿಗೆ ಅದ್ರ ನೇರ ಪಾಲು ಆ 9ರಷ್ಟೇ.

ಪ್ರಶ್ನೆ ಕೇಳುವ ಟೈಮಲ್ಲಿ ದಯವಿಟ್ಟು ದೇವರ ಕಣ ಅಂತ ಕರೆಯುವ ಆ ಹಿಗ್ಸ್ ಬಗ್ಗೆ ಕೇಳ್ಬೇಡಿ, ಅದನ್ನು ಹೇಗೂ ಯಾರಾದ್ರೂ ಕೇಳಿಯೇ ಕೇಳ್ತಾರೆ. ನೀವು ಟಿಕೆಟ್ ನೋಡ್ಕೊಂಡು, 9 ಎಲ್ಲಿ 938 ಎಲ್ಲಿ, ಬಾಕಿದ್ದನ್ನು ಲೆಕ್ಕ ಹಾಕೋದು ಹೇಗೆ ಸಾರ್ ಅಂತ ಕನ್ನಡದಲ್ಲೇ ಕೇಳಿ. ಮೈಕ್ ಸಿಗದಿದ್ರೆ ಚಾ ಕುಡಿಯುವಲ್ಲಿ ಹಿಡೀರಿ, ನಂಗೆ ಎರಡ್ನೇ ಸಲ ಹೋದಾಗ ಅಲ್ಲೇ ಪೇಪರ್ ಪ್ಲೇಟಿನ ಹಿಂದೆ ಅರ್ಧ ಗಂಟೆ ಚಿತ್ರ ಬಿಡ್ಸಿ ಹೇಳಿದ್ರು, ನಾನು ಹತ್ಬೇಕಿದ್ದ ಬಸ್ಸು ಹೋಗಿ ಆಗಿತ್ತು.