ಏಳು ಕಿಲೋ ಕೈಚೀಲದಲ್ಲಿ ಕ್ಯಾಮೆರಾ ಮತ್ತು ಲೆನ್ಸ್: ನನ್ನ ಅನುಭವ

ಅಸ್ಸಾಮಿನ ಕಾಜಿರಂಗ ರಾಷ್ಟ್ರೀಯ ಉದ್ಯಾನಕ್ಕೆ ಹೊರಟ ಬೆಂಗಳೂರಿನ ಛಾಯಾಗ್ರಾಹಕರಲ್ಲಿ ಅನೇಕರು ಕೋಲ್ಕತ್ತದಲ್ಲಿ ವಿಮಾನ ಬದಲಿಸಿ ಜೋರ್ಹಾಟ್‌ನಲ್ಲಿ ಇಳಿಯುತ್ತಾರೆ. ನಾನೂ ಅದೇ ದಾರಿ ಹಿಡಿಯುತ್ತೇನೆ. ಆ ದಾರಿಯಲ್ಲಿ ಕ್ಯಾಮೆರಾ ಚೀಲಕ್ಕೆ ಎರಡು ಕಡೆ ಪರೀಕ್ಷೆ ಕಾದಿರುತ್ತದೆ: ಬೆಂಗಳೂರಿನ ಕೌಂಟರಿನಲ್ಲಿ ತೂಕದ್ದು, ಕೊನೆಯ ಹಂತದಲ್ಲಿ ಪುಟ್ಟ ಎಟಿಆರ್ ವಿಮಾನ ಸಿಕ್ಕರೆ ಅದರ ಬಾಗಿಲಲ್ಲಿ ಗಾತ್ರದ್ದು.

ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ಉದ್ದ, ಅಗಲ, ಎತ್ತರ ಸೇರಿ 115 ಸೆಂಟಿಮೀಟರ್ ದಾಟಬಾರದು. ಅದರ ಜೊತೆಗೆ ಲ್ಯಾಪ್‌ಟಾಪ್ ಹಿಡಿಯುವಷ್ಟು ಒಂದು ಸಣ್ಣ ಚೀಲವನ್ನು ಬಿಡುತ್ತಾರೆ. ಈ ಮಿತಿಯೊಳಗೆ ಏನನ್ನು ಇಡಬೇಕು ಎಂದು ನಿರ್ಧರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ನಾಳೆ ಕೈಗೆ ಸಿಗದಿದ್ದರೆ ಕೆಲಸ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅದು ನನ್ನ ಜೊತೆಯಲ್ಲೇ ಬರಬೇಕು. ಬಟ್ಟೆ, ಚಪ್ಪಲಿ ಜೋರ್ಹಾಟ್ ಪೇಟೆಯಲ್ಲೂ ಸಿಗುತ್ತವೆ. ಘೇಂಡಾಮೃಗ ಹುಲ್ಲಿನಿಂದ ತಲೆ ಎತ್ತುವ ಹೊತ್ತಿಗೆ ಬೇಕಾಗುವ ಉದ್ದದ ಲೆನ್ಸ್ ಸಿಗುವುದಿಲ್ಲ.

ತೂಕದ ಲೆಕ್ಕ ಹೀಗಿದೆ. ನಿಕಾನ್ ಝಡ್ 8 ಬಾಡಿ (ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾ) ಬ್ಯಾಟರಿ ಸಹಿತ 910 ಗ್ರಾಂ. ಎರಡನೆಯ ಬಾಡಿ, ಝಡ್ 6 ಮಾಲಿಕೆಯದು, 705 ಗ್ರಾಂ. 24–120 ಮಿ.ಮೀ. ಲೆನ್ಸ್ 630 ಗ್ರಾಂ. 180–600 ಮಿ.ಮೀ. ಲೆನ್ಸ್ ಟ್ರೈಪಾಡ್ ಕಾಲರ್ (ಟ್ರೈಪಾಡ್‌ಗೆ ಸಿಕ್ಕಿಸಲು ಲೆನ್ಸಿನ ಸುತ್ತ ಇರುವ ಬಳೆ) ಸಹಿತ 2,140 ಗ್ರಾಂ, ಕಾಲರ್ ಬಿಚ್ಚಿದರೆ 1,955 ಗ್ರಾಂ. ಆದ್ದರಿಂದ ಕಾಲರನ್ನು ಬಿಚ್ಚಿ ಚೆಕ್‌ಇನ್ ಪೆಟ್ಟಿಗೆಯಲ್ಲಿ ಕಾಲುಚೀಲದೊಳಗೆ ತುರುಕುತ್ತೇನೆ. ಬಿಸಿಲು ತಡೆಯಲು ಲೆನ್ಸಿನ ಮುಂದೆ ಹಾಕುವ ಹುಡ್ ಕೂಡ ಅಲ್ಲಿಗೇ ಹೋಗುತ್ತದೆ. ಅದರ ಟೊಳ್ಳಿನಲ್ಲಿ ಒಂದು ಬನಿಯನ್ ತುಂಬಿದರೆ ಒತ್ತಡಕ್ಕೆ ಬಿರುಕು ಬಿಡುವುದಿಲ್ಲ. ಇಷ್ಟಾದ ಮೇಲೆ ಎರಡು ಬಾಡಿ, ಎರಡು ಲೆನ್ಸ್ ಸೇರಿ 4.2 ಕೆಜಿ. ಬಹಳ ಮಂದಿ ಎಡವುವುದು ಇದರ ನಂತರ. ಚಕ್ರವಿರುವ ಕ್ಯಾಮೆರಾ ಟ್ರಾಲಿಗಳು ನೋಡಲು ಗಟ್ಟಿಮುಟ್ಟು, ಆದರೆ ಖಾಲಿಯಿದ್ದಾಗಲೇ ಮೂರು ಕೆಜಿ ಮೀರುವಂಥವೂ ಇವೆ. ಏಳರಲ್ಲಿ ಮೂರು ಕೆಜಿಯನ್ನು ಚಕ್ರ ಮತ್ತು ಹಿಡಿಕೆಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ನನ್ನದು ಒಂದೂವರೆ ಕೆಜಿಯ ತೆಳುವಾದ ಬೆನ್ನುಚೀಲ. ಒಳಗೆ ಮೆತ್ತೆ ಹಾಕಿದ ಒಂದು ಒಳಚೀಲವಿದೆ. ಅದಕ್ಕೆ ಪ್ರತ್ಯೇಕ ಜಿಪ್, ಪ್ರತ್ಯೇಕ ಪಟ್ಟಿ. ಬ್ಯಾಟರಿ, ಚಾರ್ಜರ್, ಕಾರ್ಡು ಎಲ್ಲ ಸೇರಿದರೂ ತಕ್ಕಡಿಯ ಮುಳ್ಳು ಆರೂವರೆಯ ಒಳಗೇ ನಿಲ್ಲುತ್ತದೆ.

ಬಿಡಿ ಬ್ಯಾಟರಿಗಳನ್ನು ಎಲ್ಲಿ ಇಡಬೇಕೆಂಬುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಆರಿಸಲು ಜನರಿರುತ್ತಾರೆ, ಸರಕಿನ ಕೋಣೆಯಲ್ಲಿ ಇರುವುದಿಲ್ಲ. ಹಾಗಾಗಿ ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಬರಬೇಕು. ಬ್ಯಾಟರಿ ಹಿಡಿದಿಡುವ ಶಕ್ತಿಯನ್ನು ವ್ಯಾಟ್–ಅವರ್‌ನಲ್ಲಿ ಅಳೆಯುತ್ತಾರೆ; 100 ವ್ಯಾಟ್–ಅವರ್‌ವರೆಗಿನದಕ್ಕೆ ಯಾರ ಅನುಮತಿಯೂ ಬೇಡ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡು ಮಾತ್ರ. ಅದಕ್ಕಿಂತ ದೊಡ್ಡದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಲೆಕ್ಕ ಸುಲಭ: ಬ್ಯಾಟರಿಯ ಮೇಲಿನ ಎಂಎಎಚ್ (ಮಿಲಿಆಂಪಿಯರ್–ಅವರ್) ಸಂಖ್ಯೆಯನ್ನು ವೋಲ್ಟ್‌ನಿಂದ ಗುಣಿಸಿ 1,000ದಿಂದ ಭಾಗಿಸಿದರೆ ಸಾಕು. ನನ್ನ ಕ್ಯಾಮೆರಾ ಬ್ಯಾಟರಿ 2,280 ಎಂಎಎಚ್, 7 ವೋಲ್ಟ್, ಅಂದರೆ ಸುಮಾರು 16 ವ್ಯಾಟ್–ಅವರ್. 20,000 ಎಂಎಎಚ್‌ನ ಪವರ್ ಬ್ಯಾಂಕ್ 3.7 ವೋಲ್ಟ್‌ನ ಲೆಕ್ಕದಲ್ಲಿ 74. ವಿಡಿಯೊ ಮಾಡುವವರ ದೊಡ್ಡ ವಿ–ಮೌಂಟ್ ಬ್ಯಾಟರಿಗಳಲ್ಲಿ 98, 99 ಎಂಬ ಸಂಖ್ಯೆ ಕಾಣುವುದು ಈ ಮಿತಿಯ ದೆಸೆಯಿಂದಲೇ. ಮೈಮೇಲಿನ ಮುದ್ರಣ ಅಳಿಸಿಹೋದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ಬಿಡದಿರಬಹುದು. ಹಳೆಯದಾದರೆ ಮನೆಯಲ್ಲೇ ಬಿಟ್ಟು ಹೊರಡಿ. ಬ್ಯಾಟರಿಯ ಲೋಹದ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಇಲ್ಲವೇ ಟೇಪು ಅಂಟಿಸಿ.

ಟ್ರೈಪಾಡ್, ಅಲೆನ್ ಕೀ, ಸ್ಕ್ರೂಡ್ರೈವರ್ ಇವೆಲ್ಲ ಚೆಕ್‌ಇನ್‌ಗೆ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಭದ್ರತಾ ತಪಾಸಣೆಯಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಹೇಳುವ ಮೊದಲೇ ಬಾಡಿಗಳನ್ನೂ ಉದ್ದದ ಲೆನ್ಸನ್ನೂ ಹೊರತೆಗೆದು ಟ್ರೇಯಲ್ಲಿ ಇಡುತ್ತೇನೆ. ತಳದಲ್ಲಿ ಒಂದು ಹತ್ತಿಯ ಟವೆಲ್ ಹಾಸುತ್ತೇನೆ. ಒಂದರ ಮೇಲೊಂದು ಪೇರಿಸುವುದಿಲ್ಲ. ಲೆನ್ಸ್ ಉರುಳದಂತೆ ಟವೆಲಿನ ಅಂಚನ್ನು ಎರಡೂ ಬದಿಗೆ ಮಡಚಿ ಒತ್ತು ಕೊಡುತ್ತೇನೆ. ಈ ಟ್ರೇಯನ್ನು ಬೆಲ್ಟಿನ ಮೇಲೆ ಕೊನೆಯದಾಗಿ ಬಿಡುವುದು ನನ್ನ ಕಡ್ಡಾಯ ನಿಯಮ. ಲೋಹಶೋಧಕದ ಸಾಲು ಎದುರಿಗೆ ಖಾಲಿಯಾದದ್ದನ್ನು ನೋಡಿ ಆಮೇಲೆ ತಳ್ಳಬೇಕು. ಇಲ್ಲದಿದ್ದರೆ ನಾವು ಇನ್ನೂ ಸಾಲಿನಲ್ಲಿ ನಿಂತಿರುವಾಗಲೇ ಲಕ್ಷಾಂತರ ರೂಪಾಯಿಯ ಸಾಮಾನು ಆಚೆ ಬದಿಯಲ್ಲಿ ಒಡೆಯನಿಲ್ಲದೆ ಕೂತಿರುತ್ತದೆ.

ಎಟಿಆರ್ 72 ವಿಮಾನಕ್ಕೆ ಹಿಂಬಾಗಿಲಿನಿಂದ ಹತ್ತಬೇಕು, ತಲೆಯ ಮೇಲಿನ ಕಪಾಟು ಇಕ್ಕಟ್ಟು. ಮೆಟ್ಟಿಲ ಬುಡದಲ್ಲೇ ಸಿಬ್ಬಂದಿ ಚೀಟಿ ಹಿಡಿದು ನಿಂತು, 'ಸರ್, ಈ ಬ್ಯಾಗ್ ಕೆಳಗೆ ಹೋಗಬೇಕು' ಎನ್ನುವುದುಂಟು. ನಾನು ವಾದಕ್ಕೆ ಇಳಿಯುವುದಿಲ್ಲ. ಜಿಪ್ ಎಳೆದು ಒಳಚೀಲವನ್ನು ಪಟ್ಟಿ ಹಿಡಿದು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಎರಡು ಬಾಡಿ, ಎರಡು ಲೆನ್ಸ್, ಬ್ಯಾಟರಿ, ಕಾರ್ಡು ಎಲ್ಲ ಅದರಲ್ಲೇ ಇರುತ್ತವೆ. ಮಳೆಯಂಗಿಯೊಂದನ್ನು ಬಿಟ್ಟರೆ ಖಾಲಿಯಾದ ಹೊರಚೀಲ ಚೀಟಿ ಕಟ್ಟಿಸಿಕೊಂಡು ಕೆಳಗೆ ಹೋಗುತ್ತದೆ. ಅರ್ಧ ನಿಮಿಷದ ಕೆಲಸ, ಯಾರಿಗೂ ಬೇಸರವಿಲ್ಲ. ಒಳಚೀಲ ಮುಂದಿನ ಆಸನದ ಕೆಳಗೆ ಸರಿಯಾಗಿ ಕೂರುತ್ತದೆ. ತುರ್ತು ಬಾಗಿಲಿನ ಸಾಲಿನಲ್ಲೂ ಮೊದಲ ಸಾಲಿನಲ್ಲೂ ಕಾಲ ಬಳಿ ಏನನ್ನೂ ಇಡಲು ಬಿಡುವುದಿಲ್ಲ. ಕಾಲು ಚಾಚಲು ಜಾಗವಿದೆಯೆಂದು ಆ ಆಸನಗಳಿಗೆ ಆಸೆಪಡಬೇಡಿ.

'ಕೆಳಗೆ ಹಾಕಿದರೆ ಏನಾಗುತ್ತದೆ, ವಿಮೆ ಇದೆಯಲ್ಲ' ಎನ್ನುವವರಿಗೆ ಒಂದು ಮಾತು. ಮಾಂಟ್ರಿಯಲ್ ಒಪ್ಪಂದದಡಿ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಕಳೆದರೆ ವಿಮಾನ ಸಂಸ್ಥೆಯ ಹೊಣೆಗೆ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ನನ್ನ ಎರಡು ಬಾಡಿ, ಎರಡು ಲೆನ್ಸಿನ ಬೆಲೆಗೆ ಆ ಮೊತ್ತ ಸಾಲದು. ಬೇಕಿದ್ದರೆ ಕ್ಯಾಮೆರಾಕ್ಕೇ ಪ್ರತ್ಯೇಕ ವಿಮೆ ಮಾಡಿಸಿ.

ಕೀನ್ಯಾದ ಮಸಾಯ್ ಮಾರಾಕ್ಕೆ ಹೋಗುವವರು ಇನ್ನೂ ಬಿಗಿಯಾಗಿ ಯೋಚಿಸಬೇಕು. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ ಒಟ್ಟು 15 ಕೆಜಿ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಪೆಟ್ಟಿಗೆ ಅಲ್ಲಿನ ಕಿರಿದಾದ ಸರಕಿನ ಗೂಡಿಗೆ ಹಿಡಿಸುವುದಿಲ್ಲ. ಜೀಪಿನ ಕಿಟಕಿಯ ಮೇಲೆ ಲೆನ್ಸ್ ಊರಲು ಬೇಕಾದ ಬೀನ್‌ಬ್ಯಾಗನ್ನು ಖಾಲಿ ಒಯ್ದು, ತಂಗುವ ಕ್ಯಾಂಪಿನ ಅಡುಗೆಮನೆಯಲ್ಲಿ ಅಕ್ಕಿ ಕೇಳಿ ತುಂಬಿಸಿಕೊಳ್ಳುತ್ತೇನೆ. ಹೊರಡುವ ದಿನ ಅಕ್ಕಿ ವಾಪಸ್. ದೇಶ ಬಿಡುವ ಮೊದಲು ನಿರ್ಗಮನದ ಕಸ್ಟಮ್ಸ್‌ನಲ್ಲಿ ಪ್ರತಿಯೊಂದರ ಸೀರಿಯಲ್ ಸಂಖ್ಯೆ ಬರೆಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಹಿಂತಿರುಗುವಾಗ ಇದು ಹೊಸದಾಗಿ ಕೊಂಡದ್ದಲ್ಲ ಎಂಬುದಕ್ಕೆ ಅದೇ ದಾಖಲೆ. ಇದಕ್ಕೆ ಸಮಯ ಹಿಡಿಯುತ್ತದೆ, ಬೇಗ ತಲುಪಿ.

ಹಿಂತಿರುಗುವ ಪ್ರಯಾಣದಲ್ಲಿ ನನ್ನ ಪ್ರಶ್ನೆಯ ಉತ್ತರ ಬದಲಾಗುತ್ತದೆ. ಆಗ ಲೆನ್ಸ್ ತಡವಾಗಿ ಬಂದರೂ ನಷ್ಟವಿಲ್ಲ, ಚಿತ್ರಗಳು ಕಳೆದರೆ ಮಾತ್ರ ಹೋದದ್ದು ಹೋದಂತೆ. ಹಾಗಾಗಿ ಪ್ರತಿ ರಾತ್ರಿ ಎರಡು ಡಿಸ್ಕಿಗೆ ಪ್ರತಿ ಮಾಡಿಟ್ಟುಕೊಂಡು, ಒಂದನ್ನು ಚೆಕ್‌ಇನ್ ಪೆಟ್ಟಿಗೆಯ ಬಟ್ಟೆಯ ನಡುವೆ, ಇನ್ನೊಂದನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇಡುತ್ತೇನೆ. ಕಾರ್ಡುಗಳನ್ನು ಅಳಿಸದೆ ಗುಂಡಿಯಿರುವ ಅಂಗಿಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಮನೆಗೆ ಬಂದು ಮೂರನೆಯ ಪ್ರತಿ ಆಗುವವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡುವುದಿಲ್ಲ.