ನಡುಮನೆಯ ಹಲಗೆ ತಣ್ಣಗೇ ಇರಲಿ ಎಂದೆ

ಆ ಮನೆಯಲ್ಲಿ ನಾವು ಕಳೆದ ಮೊದಲ ಚಳಿಗಾಲದಲ್ಲಿ ಮಲಗಿದರೆ ಬೆನ್ನಿಗೆ ನೆಲದ ಬಿಸಿ ತಟ್ಟುತ್ತಿತ್ತು, ಮೂಗಿನ ತುದಿ ಮಾತ್ರ ಮರಗಟ್ಟುತ್ತಿತ್ತು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಕಂಡುಹಿಡಿಯಲು ಹಾಂಜಿ ಎಂಬ ಕೊರಿಯಾದ ಸಾಂಪ್ರದಾಯಿಕ ಕಾಗದದ ಸಣ್ಣ ಪಟ್ಟಿಯೊಂದನ್ನು ಹಿಡಿದು ಗೋಡೆಗುಂಟ ನಡೆದೆ. ಕಂಬವೂ ಮಣ್ಣಿನ ಗೋಡೆಯೂ ಸೇರುವ ಕಡೆಯಲ್ಲೆಲ್ಲ ಪಟ್ಟಿ ಪಟಪಟನೆ ಬಡಿದುಕೊಂಡಿತು. ಮರ ಒಣಗುತ್ತ ಕುಗ್ಗಿತ್ತು, ಗೋಡೆ ಇದ್ದಲ್ಲೇ ಉಳಿದಿತ್ತು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು.

ಅದು ನನ್ನ ಅತ್ತೆ ಹುಟ್ಟಿ ಬೆಳೆದ ಮನೆ. ಸೋಲ್‌ನ ಹಳೆಯ ಬಡಾವಣೆ ಬುಕ್‌ಚೋನ್‌ನಲ್ಲಿರುವ ಸಣ್ಣ ಹಾನೋಕ್, ಅಂದರೆ ಕೊರಿಯಾದ ಸಾಂಪ್ರದಾಯಿಕ ಮನೆ. ಹಾಸನದ ಕಡೆಯ ತೊಟ್ಟಿಮನೆಯಲ್ಲಿ ಬೆಳೆದ ನನಗೆ ಅದರ ಅಂಗಳ ಮೊದಲ ದಿನವೇ ಪರಿಚಿತವೆನಿಸಿತ್ತು. ವಾಸ್ತುಶಿಲ್ಪಿಯಾಗಿ ಬೇರೆಯವರ ಮನೆಗಳನ್ನು ದುರಸ್ತಿ ಮಾಡಿಸಿದ್ದೆ. ನಾವೇ ಬದುಕಬೇಕಾದ ಮನೆಗೆ ಕೈ ಹಾಕಿದ್ದು ಅದೇ ಮೊದಲು.

ಹಾನೋಕ್ ಎಂದರೆ ಅರಸರ ಕಾಲದ್ದು ಎಂದುಕೊಳ್ಳುವವರು ಬಹಳ. ಬುಕ್‌ಚೋನ್‌ನಲ್ಲಿ ಈಗ ಕಾಣುವ ಮನೆಗಳಲ್ಲಿ ಹೆಚ್ಚಿನವು 1920–30ರ ದಶಕಗಳ ಆಸುಪಾಸಿನವು. ಜೊಂಗ್ ಸೆ-ಗ್ವೊನ್ ಅವರಂತಹ ನಿರ್ಮಾಣಗಾರರು ದೊಡ್ಡ ಮನೆತನಗಳ ಜಾಗ ಕೊಂಡು, ತುಂಡು ನಿವೇಶನ ಮಾಡಿ, ಸಾಲಾಗಿ ಕಟ್ಟಿಸಿದವು. ನಮ್ಮ ಮನೆಯ ಚಾವಣಿಯ ಹಲಗೆ ಕಿತ್ತಾಗ ನಡುದೊಲೆಯ ಮೇಲೆ ಮಸಿಯಲ್ಲಿ ಬರೆದ ಸಾಲು ಕಂಡಿತು: ಷೋವಾ 11. ಜಪಾನಿನ ಆಳ್ವಿಕೆಯ ಕಾಲದ ಲೆಕ್ಕ ಅದು, ಅಂದರೆ 1936. ಒಂದು ತುದಿಯಲ್ಲಿ ಡ್ರ್ಯಾಗನ್, ಇನ್ನೊಂದು ತುದಿಯಲ್ಲಿ ಆಮೆ ಎಂಬ ಅಕ್ಷರ. ನೀರಿನ ಈ ಎರಡು ಜೀವಿಗಳು ಮನೆಯನ್ನು ಬೆಂಕಿಯಿಂದ ಕಾಯುತ್ತವೆ ಎಂಬ ನಂಬಿಕೆ.

ಕೆಲಸ ಶುರುವಾಗಿದ್ದು ಕಂಬಗಳ ಬುಡದಿಂದ. ಎಪ್ಪತ್ತು ದಾಟಿದ ಬಡಗಿಯವರು ಸುತ್ತಿಗೆಯ ಹಿಡಿಯಿಂದ ಒಂದೊಂದೇ ಕಂಬ ತಟ್ಟುತ್ತ ಬಂದರು. ಅಂಗಳದ ಮೂಲೆಯ ಕಂಬ ಡಬ್ ಎಂದಿತು. ಮೊಣಕಾಲೆತ್ತರದವರೆಗೆ ಒಳಗೆ ಟೊಳ್ಳು. ಇಡೀ ಕಂಬ ಬದಲಿಸೋಣವೇ ಎಂದು ಕೇಳಿದೆ. "ಕೊಳೆತಷ್ಟನ್ನು ಮಾತ್ರ ತೆಗೆಯೋಣ. ಮೇಲಿನ ಮರ ನಮ್ಮಿಬ್ಬರಿಗಿಂತ ಗಟ್ಟಿಯಾಗಿದೆ" ಎಂದರು. ಜಾಕ್ ಕೊಟ್ಟು ತೊಲೆಯನ್ನು ತುಸು ಎತ್ತಿ, ಬುಡ ಕೊಯ್ದು, ಹೊಸ ಪೈನ್ ಮರದ ತುಂಡನ್ನು ಕಚ್ಚು ಹಾಕಿ ಬೆಸೆದರು. ಕಂಬ ನಿಲ್ಲುವ ಕಲ್ಲು ಉಬ್ಬುತಗ್ಗಿನದು. ಅದನ್ನು ಸಪಾಟು ಮಾಡುವ ರೂಢಿಯಿಲ್ಲ. ಕವಲೊಡೆದ ಕಡ್ಡಿಯ ಒಂದು ತುದಿ ಕಲ್ಲಿನ ಮೇಲೆ ಹರಿಯುತ್ತಿದ್ದಂತೆ, ಮಸಿ ಹಚ್ಚಿದ ಇನ್ನೊಂದು ತುದಿ ಕಲ್ಲಿನ ಅಂಕುಡೊಂಕನ್ನೇ ಮರದ ಮೇಲೆ ಗೀಚುತ್ತದೆ. ಆ ಗೆರೆಯಂತೆ ಮರವನ್ನು ಕೆತ್ತಿ ಇಳಿಸಿದರು. ಆಮೇಲೆ ನನ್ನ ಕೈಗೆ ಕಾಗದ ಕೊಟ್ಟು "ತೂರಿಸಿ ನೋಡಿ" ಎಂದರು. ತೂರಲಿಲ್ಲ. ಅಂಟಿಲ್ಲ, ಮೊಳೆಯಿಲ್ಲ, ಮೇಲಿನ ಭಾರವೇ ಹಿಡಿದು ನಿಲ್ಲಿಸಿತ್ತು.

ಅದೇ ಭಾರದ ವಿಚಾರದಲ್ಲಿ ನಾನು ಎಡವುವುದರಲ್ಲಿದ್ದೆ. ಹೆಂಚಿನ ಕೆಳಗೆ ಟನ್ನುಗಟ್ಟಲೆ ಮಣ್ಣಿರುತ್ತದೆ. ಅದನ್ನೆಲ್ಲ ತೆಗೆದು ಶಾಖನಿರೋಧಕ ಹಾಸಿದರೆ ಚಾವಣಿ ಹಗುರ, ಮನೆ ಬೆಚ್ಚಗೆ ಎಂದು ನಕ್ಷೆ ಬರೆದಿದ್ದೆ. ಬಡಗಿಯವರು ಬೇಡವೆಂದು ತಲೆಯಾಡಿಸಿದರು. ನೆಲಕ್ಕೆ ಹೂಳದ ಕಂಬಗಳ ಮನೆಯಲ್ಲಿ ಚಾವಣಿಯ ತೂಕವೇ ಕಚ್ಚುಗಳನ್ನು ಬಿಗಿಯಾಗಿ ಇಡುತ್ತದೆ. ಹಾಗಾಗಿ ಜಂತೆಗಳ ಮೇಲೆ ನಿರೋಧಕ ಹಾಸಿ, ಅದರ ಮೇಲೆ ತೆಳುವಾದ ಮಣ್ಣಿನ ಪದರ ಉಳಿಸಿಕೊಂಡೆವು. ಗೋಡೆಯ ಸಂದಿಗೆ, ಕಂಬದ ಮಗ್ಗುಲಲ್ಲೇ ತೋಡು ಕೊರೆದು ಗೋಡೆಯ ಅಂಚನ್ನು ಅದರೊಳಗೆ ಕೂರಿಸಿದೆವು. ಈಗ ಮರ ಕುಗ್ಗಿದರೂ ಗಾಳಿಗೆ ನೇರ ದಾರಿಯಿಲ್ಲ.

ಮಲಗುವ ಕೋಣೆಯ ನೆಲ ಅಗೆದಾಗ ಸಿಮೆಂಟಿನ ಕೆಳಗೆ ಹಳೆಯ ಒಂಡೋಲ್‌ನ, ಅಂದರೆ ನೆಲ ಬಿಸಿ ಮಾಡುವ ಕೊರಿಯಾದ ಸಾಂಪ್ರದಾಯಿಕ ಏರ್ಪಾಡಿನ ಚಪ್ಪಡಿಗಳು ಸಿಕ್ಕವು. ಒಲೆಯ ಹೊಗೆ ಇವುಗಳ ಅಡಿಯಲ್ಲಿ ಹರಿದು ಕೋಣೆಯನ್ನು ಬಿಸಿ ಮಾಡಿ ಚಿಮಣಿ ಸೇರುತ್ತಿತ್ತು. ಅಡಿಮೈ ಇನ್ನೂ ಕಾಡಿಗೆಯಷ್ಟು ಕಪ್ಪು. ಅವುಗಳನ್ನು ಅಂಗಳದಲ್ಲಿ ಮೆಟ್ಟುಗಲ್ಲಾಗಿ ಹಾಸಿ, ಕೋಣೆಗೆ ಗೇಣು ಅಂತರದಲ್ಲಿ ಬಿಸಿನೀರಿನ ಕೊಳವೆ ಎಳೆಸಿದೆ. ಒಲೆ ಉರಿಯಲೆಂದು ತಗ್ಗಿನಲ್ಲಿದ್ದ ಅಡುಗೆಮನೆಯ ನೆಲವನ್ನು ಎತ್ತರಿಸಿ, ಅಡಿಯ ಟೊಳ್ಳಿನಲ್ಲಿ ನೀರು, ಒಳಚರಂಡಿಯ ಕೊಳವೆ ಹಾಯಿಸಿದೆವು. ಅದಕ್ಕಾಗಿ ಅಡುಗೆಮನೆಯ ಮೇಲಿನ ಅಟ್ಟವನ್ನು ಬಿಟ್ಟುಕೊಡಬೇಕಾಯಿತು. ಚಿಕ್ಕಂದಿನಲ್ಲಿ ಅಲ್ಲಿ ಅಡಗಿ ಒಣ ಪರ್ಸಿಮನ್ ಹಣ್ಣು ತಿನ್ನುತ್ತಿದ್ದ ಅತ್ತೆ ಆ ದಿನ ಕೆಲಸ ನೋಡಲು ಬರಲಿಲ್ಲ. ಆ ನಿರ್ಧಾರ ನನ್ನನ್ನು ಇಂದಿಗೂ ಕಾಡುತ್ತದೆ.

ದೊಡ್ಡ ವಾದ ನಡೆದದ್ದು ನಡುಮನೆಯ ಬಗ್ಗೆ. ಕೋಣೆಗಳ ನಡುವೆ ಇರುವ ಮರದ ಹಲಗೆಯ ತಣ್ಣನೆ ಪಡಸಾಲೆ ಅದು. ಅಲ್ಲಿಗೂ ಕೊಳವೆ ಹಾಕಿಸಿ, ಅಂಗಳಕ್ಕೆ ಗಾಜಿನ ಮಾಡು ಮುಚ್ಚಿದರೆ ಇನ್ನೊಂದು ಕೋಣೆಯೇ ಸಿಗುತ್ತದಲ್ಲ ಎಂದು ನನ್ನ ಗಂಡ ಪಟ್ಟು ಹಿಡಿದರು. ಒಟ್ಟು 18 ಪ್ಯೊಂಗ್, ಸುಮಾರು 60 ಚದರ ಮೀಟರ್ ಮನೆಯಲ್ಲಿ ಆ ಆಸೆ ತಪ್ಪಲ್ಲ. ನಾನು ಒಪ್ಪಲಿಲ್ಲ. ಬೇಸಿಗೆಯ ಬಿಸಿಲಿಗೆ ಅಂಗಳದ ಮರಳು ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ. ಆಗ ಹಿಂಬದಿಯ ನೆರಳಿನ ತಂಪು ಗಾಳಿ ನಡುಮನೆಯ ಮೂಲಕ ಹರಿದು ಬರುತ್ತದೆ. ಅಂಗಳ ಮುಚ್ಚಿದರೆ ಈ ಉಸಿರಾಟ ನಿಂತುಹೋಗುತ್ತದೆ. ಸೂರಿನ ಲೆಕ್ಕವೂ ಕೆಡುತ್ತದೆ. ಸೋಲ್‌ನಲ್ಲಿ ಜೂನ್ ಕೊನೆಯ ನಡುಹಗಲಿನ ಸೂರ್ಯ ಸುಮಾರು 76 ಡಿಗ್ರಿ ಎತ್ತರದಲ್ಲಿರುತ್ತಾನೆ, ಉದ್ದನೆಯ ಸೂರು ಅವನನ್ನು ಹೊರಗೇ ತಡೆಯುತ್ತದೆ. ಡಿಸೆಂಬರ್‌ನಲ್ಲಿ 29 ಡಿಗ್ರಿಗೆ ಇಳಿದವನ ಬಿಸಿಲು ಕೋಣೆಯ ಒಳಗೋಡೆಯವರೆಗೂ ಬರುತ್ತದೆ. ನಾನು ಇದನ್ನೆಲ್ಲ ಚಿತ್ರ ಬರೆದು ವಿವರಿಸುತ್ತಿದ್ದೆ. ಅತ್ತೆ ಒಂದೇ ಮಾತು ಕೇಳಿದರು: "ಅಂಗಳ ಮುಚ್ಚಿದರೆ ಮಳೆ ಎಲ್ಲಿ ಬೀಳಬೇಕಮ್ಮ?" ಚರ್ಚೆ ಅಲ್ಲಿಗೆ ಮುಗಿಯಿತು.

ಕೊನೆಗೆ ನಡುಮನೆಗೆ ಸರಿಯುವ ಜೋಡಿ ಗಾಜಿನ ಬಾಗಿಲು ಮಾತ್ರ ಹಾಕಿಸಿದೆ. ಚಳಿಗಾಲದ ಬೆಳಿಗ್ಗೆ ಅಲ್ಲಿ 8 ಡಿಗ್ರಿ ಇರುತ್ತದೆ. ಕಿಮ್ಚಿ ಡಬ್ಬಿ, ಸೇಬಿನ ಪೆಟ್ಟಿಗೆ ಅಲ್ಲೇ ಇಡುತ್ತೇವೆ, ದಪ್ಪ ಕಾಲುಚೀಲ ಹಾಕಿಕೊಂಡು ದಾಟುತ್ತೇವೆ. ಆಗಸ್ಟ್‌ನಲ್ಲಿ ಮನೆಮಂದಿಯೆಲ್ಲ ಮಲಗುವುದು ಅಲ್ಲೇ.

ಉತ್ತರದ ಕೋಣೆಯ ಗೋಡೆಯಲ್ಲಿ ಮಳೆಗಾಲಕ್ಕೆ ಇನ್ನೂ ಬೂಷ್ಟು ಬರುತ್ತದೆ, ಮುಂದಿನ ಶರತ್ಕಾಲದಲ್ಲಿ ಅದನ್ನು ಬಿಚ್ಚಬೇಕು. ಅಲ್ಲಿಯವರೆಗೆ ಊರಿನ ಹಳಬರು ಮಾಡುವಂತೆ ಜುಲೈ ಮಳೆಯಲ್ಲಿ ಗಂಟೆ ಹೊತ್ತು ಬಾಯ್ಲರ್ ಹಚ್ಚುತ್ತೇನೆ. ಕೋಣೆಗಳ ನೆಲ ಒಣಗುವ ತನಕ ಎಲ್ಲರೂ ನಡುಮನೆಯ ತಣ್ಣನೆ ಹಲಗೆಯ ಮೇಲೆ ಕುಳಿತು, ಕಪ್ಪು ಚಪ್ಪಡಿಗಳ ಮೇಲೆ ಬೀಳುವ ಮಳೆ ನೋಡುತ್ತೇವೆ.