ಗಡಿನಾಡಿನಲ್ಲೊಂದು ಎಚ್‌ಆರ್ ಸಲಹಾ ಕಚೇರಿ: ಎಲ್ಲಿಂದ ತೊಡಗಬೇಕು?

ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ದಿನವೂ ಮಂಗಳೂರಿಗೆ ಕೆಲಸಕ್ಕೆ ಹೋಗಿಬರುವವರಲ್ಲಿ ಆಸ್ಪತ್ರೆ, ಕಾಲೇಜು, ಕಂಪನಿಗಳ ಸಿಬ್ಬಂದಿ ವಿಭಾಗದಲ್ಲಿ ಎಂಟು ಹತ್ತು ವರ್ಷ ಪಳಗಿದವರೂ ಇದ್ದಾರೆ. ಓಡಾಟದಿಂದ ಬೇಸತ್ತು ಊರಲ್ಲೇ ಸ್ವಂತ ಸಲಹಾ ಕಚೇರಿ ತೆರೆಯಲು ಹೊರಡುವವರು ಸಾಮಾನ್ಯವಾಗಿ ಮೊದಲು ಬರೆಸುವುದು ‘ಉದ್ಯೋಗ ಕೊಡಿಸಲಾಗುವುದು’ ಎಂಬ ಬೋರ್ಡನ್ನು. ನನ್ನ ದೃಷ್ಟಿಯಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಕೈಹಾಕಬೇಕಾದ ಕೆಲಸ. ಇಲ್ಲಿ ನಿಜವಾಗಿ ಬೇಡಿಕೆಯಿರುವುದು ಇರುವ ನೌಕರರ ಕಡತವನ್ನು ನೆಟ್ಟಗೆ ಇಟ್ಟುಕೊಡಬಲ್ಲವರಿಗೆ.

ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯದ ಪೇಟೆಗಳಲ್ಲಿ, ಸೀತಾಂಗೋಳಿಯ ಕಿನ್‌ಫ್ರಾ ಕೈಗಾರಿಕಾ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಇದು ಮನದಟ್ಟಾಗುತ್ತದೆ. ಹತ್ತರಿಂದ ಐವತ್ತು ಮಂದಿ ದುಡಿಯುವ ಬಟ್ಟೆ ಅಂಗಡಿ, ಸಣ್ಣ ಆಸ್ಪತ್ರೆ, ಖಾಸಗಿ ಶಾಲೆ ಅಥವಾ ಕಾರ್ಖಾನೆಗೆ ಪ್ರತ್ಯೇಕ ಎಚ್‌ಆರ್ ಅಧಿಕಾರಿಯನ್ನು ಇಟ್ಟುಕೊಳ್ಳುವ ತ್ರಾಣವಿರುವುದಿಲ್ಲ. ಆದರೆ ಕಾನೂನಿನ ಹೊರೆ ಹತ್ತನೆಯ ನೌಕರ ಸೇರಿದ ದಿನವೇ ಹೆಗಲೇರುತ್ತದೆ. ಹತ್ತು ಮಂದಿಯಾದರೆ ಇಎಸ್‌ಐ (ನೌಕರರ ವಿಮೆ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಮೊತ್ತ) ಮತ್ತು ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ, ಇಪ್ಪತ್ತಾದರೆ ಪಿಎಫ್ (ಭವಿಷ್ಯನಿಧಿ), ಐವತ್ತಾದರೆ ಶಿಶುಪಾಲನಾ ಕೇಂದ್ರ. ಇದನ್ನೆಲ್ಲ ಸದ್ಯ ಲೆಕ್ಕ ಬರೆಯುವ ಗುಮಾಸ್ತರೇ ತಿಂಗಳ 14ರ ರಾತ್ರಿ ಕುಳಿತು ಹೇಗೋ ಮುಗಿಸುತ್ತಾರೆ, ಏಕೆಂದರೆ ಪಿಎಫ್ ಮತ್ತು ಇಎಸ್‌ಐ ಹಣ ಕಟ್ಟಲು 15 ಕೊನೆಯ ದಿನ. ಆ ರಾತ್ರಿಯ ಧಾವಂತವೇ ನಿಮ್ಮ ಮಾರುಕಟ್ಟೆ ಎಂದು ತಿಳಿಯಿರಿ.

ಮೊದಲು ಹೊಸ ಕಾನೂನು ಓದಿ

2025ರ ನವೆಂಬರ್ 21ರಂದು ಕೇಂದ್ರ ಸರಕಾರವು 29 ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಳೆಯ ಅನುಭವವನ್ನಷ್ಟೇ ನಂಬಿಕೊಂಡು ಸಲಹೆ ಕೊಡುವಂತಿಲ್ಲ. ಕಚೇರಿ ತೆರೆಯುವ ಮೊದಲು ಎರಡು ತಿಂಗಳನ್ನು ಓದಿಗೇ ಮೀಸಲಿಟ್ಟರೆ ನಷ್ಟವೇನೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ‘ವೇತನ’ ಎಂಬ ಪದದ ಹೊಸ ವ್ಯಾಖ್ಯೆ. ಮಾಲಕರೊಬ್ಬರು ನೌಕರನಿಗೆ 20,000 ರೂಪಾಯಿ ಕೊಟ್ಟು ಮೂಲವೇತನವೆಂದು 6,000 ಮಾತ್ರ ತೋರಿಸಿ, ಉಳಿದ 14,000ವನ್ನು ಭತ್ಯೆಗಳೆಂದು ಬರೆದಿದ್ದಾರೆ ಎನ್ನೋಣ. ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು, ಅಂದರೆ 10,000ವನ್ನು ಮೀರಿದ್ದರಿಂದ ಹೆಚ್ಚಿನ 4,000 ಮರಳಿ ವೇತನಕ್ಕೆ ಸೇರಿ, ವೇತನವು 10,000 ಆಗುತ್ತದೆ. ಗ್ರಾಚ್ಯುಟಿಯನ್ನು ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ಲೆಕ್ಕ ಹಾಕುವುದರಿಂದ, ಒಂದು ವರ್ಷದ ಸೇವೆಗೆ ಸುಮಾರು 3,460 ರೂಪಾಯಿ ಎಂದು ಅಂದಾಜಿಸಿದ್ದ ಹೊಣೆ 5,770ರ ಹತ್ತಿರಕ್ಕೆ ಏರುತ್ತದೆ. ಈ ಒಂದು ಲೆಕ್ಕವನ್ನು ಮಾಲಕರ ಎದುರು ಕಾಗದದ ಮೇಲೆ ಮಾಡಿ ತೋರಿಸಬಲ್ಲವರಿಗೆ ಬೇರೆ ಜಾಹೀರಾತು ಬೇಕಾಗುವುದಿಲ್ಲ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷ ಕಾಯದೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಲ್ಲುವುದು, ನೇಮಕಾತಿ ಪತ್ರ ಕಡ್ಡಾಯವಾಗಿರುವುದು ಇವೆರಡನ್ನೂ ಜತೆಯಲ್ಲೇ ಹೇಳಬೇಕು.

ಗಡಿಯ ಎರಡೂ ಬದಿಯ ರಾಜ್ಯ ನಿಯಮಗಳು ಬೇರೆ ಬೇರೆ ಇರುವುದು ನಮಗೆ ತೊಡಕೂ ಹೌದು, ಬಂಡವಾಳವೂ ಹೌದು. ವೃತ್ತಿ ತೆರಿಗೆಯನ್ನೇ ನೋಡಿ: ಕರ್ನಾಟಕದಲ್ಲಿ 25,000 ರೂಪಾಯಿ ಅಥವಾ ಹೆಚ್ಚು ಸಂಬಳ ಪಡೆಯುವವರಿಂದ ತಿಂಗಳಿಗೆ 200 ರೂಪಾಯಿಯನ್ನು, ಫೆಬ್ರವರಿಯಲ್ಲಿ 300ನ್ನು ಹಿಡಿದು ರಾಜ್ಯ ಸರಕಾರಕ್ಕೆ ಕಟ್ಟಬೇಕು, ಕೇರಳದಲ್ಲಿ ಅದು ಆರು ತಿಂಗಳಿಗೊಮ್ಮೆ ಪಂಚಾಯತ್ ಅಥವಾ ನಗರಸಭೆಗೆ ಸಲ್ಲುತ್ತದೆ, ಅರ್ಧವರ್ಷಕ್ಕೆ ಗರಿಷ್ಠ 1,250 ರೂಪಾಯಿ. ಮಂಗಳೂರಿನಲ್ಲೂ ಕಾಸರಗೋಡಿನಲ್ಲೂ ಅಂಗಡಿಯಿರುವ ವ್ಯಾಪಾರಿಯ ಗುಮಾಸ್ತರು ಎರಡೂ ಕಡೆ ಒಂದೇ ಕ್ರಮದಲ್ಲಿ ತೆರಿಗೆ ಹಿಡಿದಿಟ್ಟರೆ ಲೆಕ್ಕ ಕೆಡುತ್ತದೆ. ಕೇರಳದ ಅಂಗಡಿಗಳ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ನೌಕರರಿಗೆ ಕುಳಿತುಕೊಳ್ಳಲು ಆಸನ ಒದಗಿಸುವುದು ಕಡ್ಡಾಯವಾಗಿದೆ. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿ ಪಡೆದ ಹಕ್ಕು ಅದು. ಬಟ್ಟೆ ಅಂಗಡಿಗೆ ಹೋದಾಗ ಕಡತಕ್ಕಿಂತ ಮೊದಲು ಕೌಂಟರಿನ ಹಿಂದೆ ಸ್ಟೂಲು ಇದೆಯೇ ಎಂದು ನೋಡಿಕೊಳ್ಳಿ.

ನೋಂದಣಿಯ ಕೆಲಸ

ಒಬ್ಬರೇ ನಡೆಸುವ ಕಚೇರಿಗೆ ಏಕವ್ಯಕ್ತಿ ಮಾಲಕತ್ವ ಸಾಕು. ಪಾಲುದಾರರಿದ್ದರೆ ಎಲ್‌ಎಲ್‌ಪಿಯ (ಸೀಮಿತ ಹೊಣೆಯ ಪಾಲುದಾರಿಕೆಯ) ಬಗ್ಗೆ ಯೋಚಿಸಬಹುದು. ಪ್ರತ್ಯೇಕ ಕರೆಂಟ್ ಖಾತೆ, ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಮತ್ತು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ನೋಂದಣಿ) ಮಾಡಿಸಿಕೊಳ್ಳಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆದ್ದರಿಂದ ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಜಿಎಸ್‌ಟಿ ವಿಚಾರದಲ್ಲಿ ಗಡಿನಾಡಿಗರಿಗೆ ಒಂದು ತಪ್ಪು ತಿಳಿವಳಿಕೆಯಿದೆ. ತಲಪಾಡಿಯಾಚೆಯ ಗ್ರಾಹಕರಿಗೆ ಬಿಲ್ಲು ಬರೆದ ಕೂಡಲೇ ನೋಂದಣಿ ಕಡ್ಡಾಯವೆಂದು ಹಲವರು ಭಾವಿಸಿದ್ದಾರೆ. ಸರಕು ಮಾರುವವರ ವಿಷಯದಲ್ಲಿ ಸಾಮಾನ್ಯವಾಗಿ ಆ ಮಾತು ನಿಜ. ಸೇವೆ ಒದಗಿಸುವವರಿಗೆ ಮಾತ್ರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವ ತನಕ ಹೊರರಾಜ್ಯದ ಗ್ರಾಹಕರಿದ್ದರೂ ವಿನಾಯಿತಿಯಿದೆ. ನೋಂದಣಿಯಾದ ಬಳಿಕ ತೆರಿಗೆ ಶೇ. 18. ಕಾಸರಗೋಡಿನ ಗ್ರಾಹಕರ ಬಿಲ್ಲಿನಲ್ಲಿ ಅದು ಕೇಂದ್ರ ಮತ್ತು ರಾಜ್ಯಕ್ಕೆ ಒಂಬತ್ತೊಂಬತ್ತಾಗಿ ಹಂಚಿಹೋಗುತ್ತದೆ, ಮಂಗಳೂರಿನ ಗ್ರಾಹಕರ ಬಿಲ್ಲಿನಲ್ಲಿ ಐಜಿಎಸ್‌ಟಿಯಾಗಿ (ಅಂತರರಾಜ್ಯ ಜಿಎಸ್‌ಟಿಯಾಗಿ) ಒಂದೇ ಸಾಲಿನಲ್ಲಿ ಬರುತ್ತದೆ.

ಮೊದಲ ಗ್ರಾಹಕರ ಬಾಗಿಲಲ್ಲಿ

ಮೊದಲ ಭೇಟಿಯಲ್ಲಿ ಸಲಹೆ ಕೊಡಲು ಹೋಗದೆ ನಾಲ್ಕು ದಾಖಲೆಗಳನ್ನು ಕೇಳಿ ಪಡೆಯಿರಿ: ಹಾಜರಿ ಪುಸ್ತಕ, ಸಂಬಳದ ಪಟ್ಟಿ, ನೇಮಕಾತಿ ಪತ್ರಗಳು, ಕಳೆದ ಮೂರು ತಿಂಗಳ ಪಿಎಫ್ ಮತ್ತು ಇಎಸ್‌ಐ ಚಲನ್‌ಗಳು. ಹಾಜರಿಯಲ್ಲಿರುವ ತಲೆಗಳಿಗೂ ಚಲನ್‌ನಲ್ಲಿರುವ ಹೆಸರುಗಳಿಗೂ ವ್ಯತ್ಯಾಸವಿದ್ದರೆ ಅದನ್ನು ಮಾಲಕರಿಗೆ ಮಾತ್ರ, ಲಿಖಿತವಾಗಿ ತಿಳಿಸಬೇಕು. ಸರಿಪಡಿಸಲು ಅವರು ಒಪ್ಪದಿದ್ದರೆ ಆ ಕೆಲಸವನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ಸಣ್ಣ ಊರಿನಲ್ಲಿ ಸುಳ್ಳು ಲೆಕ್ಕಕ್ಕೆ ನೆರವಾದವರೆಂಬ ಹೆಸರು ಸುಲಭದಲ್ಲಿ ಅಳಿಯುವುದಿಲ್ಲ.

ಇನ್ನು ಹೆಸರಿನ ಗೋಜಲು. ಆಧಾರ್‌ನಲ್ಲಿ ಮನೆತನದ ಹೆಸರು ವಿಸ್ತಾರವಾಗಿ, ಶಾಲೆಯ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್, ಬ್ಯಾಂಕ್ ಪುಸ್ತಕದಲ್ಲಿ ಮಲಯಾಳದ ಉಚ್ಚಾರದಂತೆ ಬರೆದ ಬೇರೊಂದು ಕಾಗುಣಿತ ಇರುವವರ ಪಿಎಫ್ ಹಣ ವಾಪಸು ಪಡೆಯುವಾಗ ಸಿಕ್ಕಿಬೀಳುತ್ತದೆ. ನೌಕರರು ಸೇರಿದ ವಾರದಲ್ಲೇ ಇದನ್ನು ತಾಳೆ ನೋಡಿಕೊಂಡರೆ ಮುಂದಿನ ಗೋಳು ತಪ್ಪುತ್ತದೆ.

ನೇಮಕಾತಿ ಪತ್ರವನ್ನು ಕೆಲಸಗಾರರಿಗೆ ಓದಲು ಬರುವ ಭಾಷೆಯಲ್ಲೂ ಕೊಡಿಸಿ. ಸರಕಾರಿ ಕಚೇರಿಯ ಪತ್ರ ಮಲಯಾಳದಲ್ಲಿ, ಜಾಲತಾಣದ ಅರ್ಜಿ ಇಂಗ್ಲಿಷಿನಲ್ಲಿ, ಮಾಲಕರ ಮಾತು ಬ್ಯಾರಿಯಲ್ಲೋ ತುಳುವಿನಲ್ಲೋ, ಕೆಲಸದವರು ಕನ್ನಡ ಶಾಲೆಯಲ್ಲಿ ಓದಿದವರು ಅಥವಾ ಹಿಂದಿ ಮಾತ್ರ ಬಲ್ಲ ಹೊರರಾಜ್ಯದವರು. ಇಷ್ಟರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಪ್ಪಿಲ್ಲದೆ ದಾಟಿಸುವುದು ಎರ್ನಾಕುಳಂ ಅಥವಾ ಬೆಂಗಳೂರಿನ ದೊಡ್ಡ ಸಲಹಾ ಸಂಸ್ಥೆಗಳಿಗೂ ಸುಲಭವಲ್ಲ.

ಒಪ್ಪಂದಪತ್ರ ಎರಡು ಪುಟವಿದ್ದರೆ ಸಾಕು. ತಿಂಗಳ 5ನೆಯ ತಾರೀಕಿನೊಳಗೆ ಹಾಜರಿ ವಿವರ ಕೈಸೇರಬೇಕು, ತಡವಾದರೆ ದಂಡದ ಹೊಣೆ ಮಾಲಕರದು ಎಂಬುದು ಅದರಲ್ಲಿ ಇರಲೇಬೇಕು. ಪಿಎಫ್ ಹಣವನ್ನು ನಿಮ್ಮ ಖಾತೆಗೆ ಹಾಕಿಸಿಕೊಂಡು ಕಟ್ಟುವ ಪದ್ಧತಿ ಬೇಡವೇ ಬೇಡ. ಅದು ಮಾಲಕರ ಖಾತೆಯಿಂದಲೇ ಹೋಗಲಿ. ಒಟಿಪಿ ಯಾರ ಮೊಬೈಲಿಗೆ ಬರುತ್ತದೆಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಮಾಲಕರು ದುಬಾಯಿಯಲ್ಲಿದ್ದು, ನೋಂದಾಯಿಸಿದ ಊರಿನ ಸಿಮ್ ಮನೆಯ ಕಪಾಟಿನಲ್ಲಿದ್ದರೆ 15ನೆಯ ತಾರೀಕು ಯಾರಿಗೂ ಕಾಯುವುದಿಲ್ಲ. ನೌಕರರ ಆಧಾರ್ ಪ್ರತಿಗಳನ್ನು ವಾಟ್ಸಾಪ್ ಗುಂಪಿನಲ್ಲಿ ಹರಿಯಬಿಡುವ ಅಭ್ಯಾಸವನ್ನೂ ನಿಲ್ಲಿಸಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ.

ಶುಲ್ಕ ಮತ್ತು ಬಾಕಿ

ಶುಲ್ಕವನ್ನು ಬೇರೆಯವರ ದರ ನೋಡಿ ನಿಗದಿ ಮಾಡದೆ ನಿಮ್ಮ ದಿನದ ಬೆಲೆಯಿಂದ ಕಟ್ಟಿಕೊಳ್ಳಿ. ಮನೆಗೆ 40,000, ಕಚೇರಿ ಖರ್ಚಿಗೆ 10,000 ರೂಪಾಯಿ ಬೇಕೆಂದಾದರೆ, ತಿಂಗಳ 22 ಕೆಲಸದ ದಿನಗಳಲ್ಲಿ ಆರು ದಿನ ಗ್ರಾಹಕರನ್ನು ಹುಡುಕಲು ಮತ್ತು ಸ್ವಂತ ಲೆಕ್ಕಕ್ಕೆ ಹೋಗಿ ಉಳಿಯುವುದು 16 ದಿನ. ಅಂದರೆ ದಿನಕ್ಕೆ 3,125 ರೂಪಾಯಿ. ಎರಡು ದಿನ ಬೇಡುವ ಗ್ರಾಹಕರಿಗೆ ತಿಂಗಳಿಗೆ 6,250ಕ್ಕಿಂತ ಕಡಿಮೆ ಹೇಳಿದರೆ ಕೈಯಿಂದ ಹಾಕಿದಂತೆ. ಕಂಪನಿಗಳು ವೃತ್ತಿಪರ ಶುಲ್ಕವು ವರ್ಷಕ್ಕೆ 50,000 ಮೀರಿದಾಗ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದುಕೊಳ್ಳುವುದರಿಂದ ಕೈಗೆ ಬರುವ ಮೊತ್ತ ಇನ್ನೂ ಕಡಿಮೆಯಿರುತ್ತದೆ. ಬಾಕಿ ಉಳಿಸುವವರಿಗೆ ಉದ್ಯಮ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಅಚ್ಚು ಮಾಡಿಸಿಡಿ: ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾನೂನಿನ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಹಣ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡುವ ಪ್ರಸಂಗ ವಿರಳ, ಆದರೆ ಆ ಸಾಲು ಬಿಲ್ಲಿನಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಎರಡನೆಯ ವರ್ಷದಲ್ಲಿ ಬೇಕಿದ್ದರೆ ಇದೇ ಗ್ರಾಹಕರಿಗೆ ನೌಕರರನ್ನು ಹುಡುಕಿಕೊಡುವ ಕೆಲಸವನ್ನು ಸೇರಿಸಿಕೊಳ್ಳಿ, ಶುಲ್ಕವನ್ನು ಮಾಲಕರಿಂದ ಮಾತ್ರ ಪಡೆಯಿರಿ. ಕಾಸರಗೋಡಿನಲ್ಲಿ ಎಚ್‌ಆರ್ ಎಂಬ ಬೋರ್ಡು ಕಂಡರೆ ಗಲ್ಫ್ ವೀಸಾ ಕೇಳಿಕೊಂಡು ಜನ ಬಂದೇ ಬರುತ್ತಾರೆ. 1983ರ ವಲಸೆ ಕಾಯ್ದೆಯ ನೋಂದಣಿಯಿಲ್ಲದೆ ವಿದೇಶಕ್ಕೆ ನೇಮಕ ಮಾಡುವುದು ಅಪರಾಧ. ನೋಂದಾಯಿತ ಏಜೆಂಟರೂ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಉಪ ಏಜೆಂಟ್ ಆಗಿ ಎಂದು ಯಾರಾದರೂ ಕಮಿಷನ್ ಆಸೆ ತೋರಿಸಿದರೂ ಒಪ್ಪಿಕೊಳ್ಳಬೇಡಿ. ವಿಚಾರಿಸಲು ಬಂದವರನ್ನು ಕುಳ್ಳಿರಿಸಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯನ್ನು ತೆರೆದು, ತಮ್ಮ ಏಜೆಂಟರ ಹೆಸರು ಅದರಲ್ಲಿದೆಯೇ ಎಂದು ಅವರ ಕೈಯಿಂದಲೇ ಹುಡುಕಿಸಿ ಕಳುಹಿಸಿ. ಅದಕ್ಕೆ ಶುಲ್ಕ ಬೇಡ.